ಮುತ್ಯಾನ ಮುಖದ ಹೊಲಿಗೆ

ಆ ರಾಕ್ಷಸನ ಸಿನಿಮಾ ಗೋಕಾಕಕ್ಕೆ ಬಂದಾಗ ನಮ್ಮ ಮಮದಾಪುರದ ಓಣಿಯಲ್ಲಿ ದೊಡ್ಡವರೇ ಕುಂತಲ್ಲಿ ಕೂಡಲಿಲ್ಲ, ಇನ್ನು ಹುಡುಗರ ಮಾತೇನು. ಪಾತಾಳದಲ್ಲೊಬ್ಬ ರಾಕ್ಷಸನಂತೆ, ಮಕ್ಕಳ ನೆರಳು ಕದ್ದು ಗಡಿಗೆಯಲ್ಲಿ ತುಂಬಿಡುತ್ತಾನಂತೆ. ಬಾಜೂ ಮನೆಯ ರಾಜೇಶ್ವರಿಯ ಮಗ ಶುಭಮ್ ನೋಡಿ ಬಂದವನೇ ತಲೆಗೊಂದು ಗೋಣಿಚೀಲ ಹೊದ್ದುಕೊಂಡು ಓಣಿ ತುಂಬ ಗರ್ಜಿಸಿದ್ದೇ ಗರ್ಜಿಸಿದ್ದು.

ನನ್ನ ಮಗಳು ನಂದಾ ಆಗಷ್ಟೇ ಒಂದನೇ ಇಯತ್ತೆ ಮುಗಿಸಿದ್ದಳು. ಬೇಸಿಗೆ ಸೂಟಿ. "ಅವ್ವಾ, ನಾನೂ ಹೋಗತೀನಿ" ಎಂದು ನನ್ನ ಸೀರೆಯ ಸೆರಗು ಬಿಡಲಿಲ್ಲ. ನಾನು ಬ್ಯಾಡ ಎಂದೆ. ಹಿಂದಿನ ವರ್ಷ ಟೀವಿಯಲ್ಲಿ ಗೊಂಬೆಯ ಮುದುಕಿಯೊಬ್ಬಳನ್ನು ನೋಡಿ ಎಷ್ಟೋ ದಿನ ಬಚ್ಚಲಿಗೆ ಒಬ್ಬಳೇ ಹೋಗದ ಹುಡುಗಿ ಅದು.

ಸಂಜೆ ಊಟಕ್ಕೆ ಕುಂತಾಗ ಮನೆಯಲ್ಲಿ ಪಂಚಾಯ್ತಿಯೇ ಆಯಿತು.

"ಹುಡುಗೂರು ಅಂದಮ್ಯಾಲ ಅಂಜತಾವ, ಆಮ್ಯಾಲ ಮರೀತಾವ" ಅಂದ ನನ್ನ ಗಂಡ ಸೋಮಲಿಂಗ.

"ನಿದ್ದಿಯಾಗ ಚೀರಿದ್ರ ಎದ್ದು ಕುಂದರಾವರು ಯಾರು? ನೀವಂತೂ ಗೊರಕಿ ಹೊಡಿಯೂ ಮಂದಿ."

"ನಾ ಎಲ್ಲಿ ಗೊರಕಿ ಹೊಡೀತೀನಿ?"

"ಅದನ್ನ ಹೊಡಿಯಾವರಿಗೆ ಕೇಳಸೂದಿಲ್ಲ ಬಿಡ್ರಿ."

ಅತ್ತೆ ಅಲ್ಲವ್ವ ರೊಟ್ಟಿ ಮುರಿಯುತ್ತ ನಕ್ಕರು. ಮಾವ ಶಿದ್ಲಿಂಗಪ್ಪನವರು ಮಾತ್ರ ಗಂಭೀರವಾಗಿ ಕೈ ಎತ್ತಿದರು. ಮಾವ ಕೈ ಎತ್ತಿದರೆಂದರೆ ಆಟದ ಕಾಲದ ಮಾತು ಬರುತ್ತದೆಂದೇ ಲೆಕ್ಕ. ವಯಸ್ಸಿದ್ದಾಗ ಅವರು ದೊಡ್ಡಾಟದಲ್ಲಿ ರಾಕ್ಷಸನ ಪಾತ್ರ ಮಾಡುತ್ತಿದ್ದವರು. ಧುಪದಾಳದ ಕಡೆಯವರು ಇವತ್ತಿಗೂ "ರಕ್ಕಸ ಶಿದ್ಲಿಂಗಪ್ಪ" ಎಂದೇ ಅನ್ನುತ್ತಾರೆ.

"ಅನಪೂರ್ಣಾ, ವಯಸ್ಸಿನ ಮ್ಯಾಲ ಹೇಳಾಕ ಬರೂದಿಲ್ಲವಾ ಇದನ್ನ. ನಮ್ಮ ಊರಾಗ ಇದಕ್ಕೊಂದು ರೀತಿ ಇತ್ತು. ಆಟ ಇದ್ದ ದಿನಾ ಮಧ್ಯಾಹ್ನ ತಾಯಂದಿರು ಕೂಸುಗಳನ್ನ ಬಣ್ಣದ ಮನಿಗೆ ಕರಕೊಂಡ ಬರತಿದ್ರು. ನನ್ನ ಮುಂದ ಕುಂಡರಸತಿದ್ರು. ನಾ ಬಿಳೇದು ಬಳಕೊಳ್ಳೂದು, ಕಣ್ಣಿಗೆ ಕರೇದು, ಬಾಯಿಗೆ ಕೆಂಪು, ಕ್ವಾರಿಹಲ್ಲ ಕಟ್ಟೂದು, ಎಲ್ಲಾ ನೋಡಬೇಕು. ಅಳಲಾರದ ಕುಂತ ಕೂಸು ಮುಂದ ಚಾಪಿ ಮ್ಯಾಲ. ಅತ್ತದ್ದು ಹಿಂದ ಅವ್ವನ ತೊಡಿ ಮ್ಯಾಲ. ಬಣ್ಣಾ ಹಚ್ಚೂದು ನೋಡಿದ ಕೂಸು ಬಣ್ಣಕ್ಕ ಅಂಜೂದಿಲ್ಲ."

"ಮಾವಾರ, ಅದು ಬಣ್ಣ. ಇದು ಪಡದೆ. ಪಡದೆದಾಗ ಬರೂ ರಾಕ್ಷಸ ನಮ್ಮ ಮಾಳಿಗಿಕಿಂತ ಎತ್ತರ ಇರ್ತಾನ. ಹತ್ತು ವರ್ಷ ತುಂಬಲಿ, ನೋಡೂಣು."

"ಅಕಿಗೆ ಹತ್ತು ತುಂಬೂದ್ರೊಳಗ ನಾ ಮ್ಯಾಲ ಹೋಗಿರತೀನಿ."

"ಹೋಗಾವರು ಹಿಂಗ ದಿನಾ ಹೇಳಿ ಹೋಗೂದಿಲ್ಲ" ಅಂದರು ಅತ್ತೆ. ಎಲ್ಲರೂ ನಕ್ಕೆವು. ಮಾತು ಅಲ್ಲಿಗೆ ಮುಗಿಯಿತೆಂದು ನಾನು ತಿಳಿದುಕೊಂಡೆ.

ಮುಂದೆ ಕೆಲವು ದಿನಕ್ಕೆ ಹಾಲು ಒಯ್ಯುವ ಉದ್ದಪ್ಪ ಬಾಗಿಲಿಗೆ ಬಂದಾಗ ನಂದಾ ಅವನ ಅಂಗಿ ಜಗ್ಗಿ, "ಕಾಕಾ, ಸ್ವಲ್ಪ ಬಗ್ಗು" ಅಂದಳು. ಅವನು ಬಗ್ಗಿದ. ಇವಳು ಅವನ ಗದ್ದದ ಕೆಳಗೆ, ಕಿವಿಯ ಹಿಂದೆ ಕಣ್ಣು ಕಿರಿದು ಮಾಡಿ ನೋಡಿದಳು.

"ಏನ ನೋಡಾಕತ್ತೀಯವಾ? ಗಡ್ಡಾ ಕೆರಕೊಂಡಿಲ್ಲಂತ ಬೈತೀಯೇನ?"

"ಹೊಲಿಗಿ ಇಲ್ಲ ಬಿಡು. ಹೋಗು."

ನಾನು ನಕ್ಕೆ. ಗೋಕಾಕದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ, ಜಂಪರ, ಲಂಗ ಹೊಲಿಯುತ್ತೇನೆ. ಟೇಲರಮ್ಮನ ಮಗಳು, ಎಲ್ಲದರಲ್ಲೂ ಹೊಲಿಗೆ ಹುಡುಕುತ್ತಾಳೆ, ಇರಲಿ ಅಂದುಕೊಂಡೆ. ಆದರೆ ಮರುದಿನ ತಲೆ ಬಾಚುವಾಗ ನನ್ನ ಜಡೆ ಹಿಡಿದು ಎಳೆದು, "ಅವ್ವಾ, ಇವು ನಿನ್ನವ ಕೂದಲ ಹೌದಲ್ಲೋ?" ಎಂದು ಕೇಳಿದಾಗ ನಗು ಬರಲಿಲ್ಲ. ಕೇಳಿದ ದನಿ ಆಟದ್ದಾಗಿರಲಿಲ್ಲ.

ಆಮೇಲೆ ವಿಭೂತಿಯ ಪ್ರಸಂಗ. ಮಾವನ ಲಿಂಗಪೂಜೆ ಮುಗಿಯುವುದನ್ನೇ ಕಾಯ್ದು ನಂದಾ ಅವರೆದುರು ಕಣ್ಣು ಮುಚ್ಚಿ ಕೂಡುವುದು, ಅವರು ಮೂರು ಬೆರಳಿನಿಂದ ಹಣೆಗೆ ಎಳೆಯುವುದು, ಅವಳು ಕಚಗುಳಿಯಾದಂತೆ ನಗುವುದು, ಇದು ಅವಳು ಕೂಡಲು ಕಲಿತಾಗಿನಿಂದ ನಡೆದು ಬಂದದ್ದು. ಆ ದಿನ ಕಂಬದ ಹಿಂದೆ ನಿಂತಳು.

"ಬಾರವಾ ನನ್ನ ಚುಕ್ಕಿ."

"ಬ್ಯಾಡ. ಆಯಿ ಹಚ್ಚಲಿ" ಎಂದು ಅಜ್ಜಿಯ ಕಡೆ ಕೈ ಮಾಡಿದಳು.

ಮಾವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಅಂದಿನಿಂದ ಅವಳು ಅವರ ತಾಟಿನಲ್ಲಿ ಉಣ್ಣಲಿಲ್ಲ, ಬಾಜೂ ಕೂಡಲಿಲ್ಲ. ಹೊರಗಿನಿಂದ ಬಂದರೆ ಹೊಸ್ತಿಲಲ್ಲೇ ನಿಂತು ಅಜ್ಜನ ಬಗ್ಗೆ ಪಿಸುಗುಡುತ್ತಿದ್ದಳು: "ಮುತ್ಯಾ ಒಳಗ ಅದಾನೇನ?"

ಇಷ್ಟಾದ ಮೇಲೆ ನನಗೆ ಒಂದೇ ಅನುಮಾನ: ಯಾರೋ ಕದ್ದು ಇವಳಿಗೆ ಆ ಸಿನಿಮಾ ತೋರಿಸಿದ್ದಾರೆ. ಮೊದಲು ರಾಜೇಶ್ವರಿಯನ್ನು ಹಿಡಿದೆ.

"ನಿಮ್ಮ ಶುಭಮ್ ಏನರ ಫೋನಿನ್ಯಾಗ ತೋರಿಸ್ಯಾನೇನ?"

"ಅಕ್ಕಾ, ನನ್ನ ಮಗಾ ಥೇಟರಿಗೆ ಹೋಗಿ ರಾಜಾರೋಷ ನೋಡಿ ಬಂದಾನ. ಕದ್ದು ತೋರಸೂ ಧಂದೆ ನಮ್ಮ ಮನ್ಯಾಗಿಲ್ಲ. ಮದಲ ನಿಮ್ಮ ಮನ್ಯಾಗ ಹುಡುಕು."

ಮಾತು ಚುಚ್ಚಿತು, ಆದರೂ ಹುಡುಕಿದೆ. ಗಂಡ ಸ್ನಾನಕ್ಕೆ ಹೋದಾಗ ಅವನ ಫೋನು ನೋಡಿದರೆ ಟ್ರ್ಯಾಕ್ಟರ್ ಬಿಟ್ಟು ಬೇರೆ ವಿಡಿಯೋ ಇಲ್ಲ. ಒಬ್ಬ ಮನುಷ್ಯ ಇಷ್ಟೊಂದು ಟ್ರ್ಯಾಕ್ಟರ್ ಯಾಕೆ ನೋಡುತ್ತಾನೆ ಎನ್ನುವುದು ಬೇರೆ ಅನುಮಾನ, ಅದನ್ನು ಪಕ್ಕಕ್ಕಿಟ್ಟೆ. ಅತ್ತೆಯನ್ನು ಕೇಳಿದೆ. ಅತ್ತೆ ಮೆಂತ್ಯೆಪಲ್ಲೆ ಸೋಸುತ್ತಿದ್ದವರು ತಲೆ ಎತ್ತಲಿಲ್ಲ. "ಹೊಟ್ಯಾಗ ಜಂತ ಆಗಿರಬೇಕು. ಬೇವಿನ ಚಿಗರ ತಿನಸು" ಅಂದರು. ನೇರ ಮಾತಾಡುವ ಹೆಂಗಸು ಜಂತದ ಮಾತು ತೆಗೆದರೆಂದರೆ ಅದರ ಹಿಂದೆ ಏನೋ ಇದೆ.

ಮಾವನೂ ಬದಲಾಗಿದ್ದರು. ಹಳೆಯ ಫೋನೊಂದನ್ನು ವಚನ, ಭಜನೆ ಕೇಳಲಿಕ್ಕೆಂದು ಸೋಮಲಿಂಗ ಅವರಿಗೆ ಕೊಟ್ಟಿದ್ದ. ನಾನು ಬಸ್ಸಿಳಿದು ಒಳಗೆ ಬರುತ್ತಿದ್ದಂತೆ ಅದನ್ನು ಹಾಸಿಗೆಯ ಸುರುಳಿಯೊಳಗೆ ತುರುಕುತ್ತಿದ್ದರು. ಭಜನೆ ಕೇಳುವವರು ಸೊಸೆಯನ್ನು ಕಂಡು ಫೋನು ಮುಚ್ಚಿಡುತ್ತಾರೆಯೇ?

ಆಗ ನನ್ನ ತಲೆಯಲ್ಲಿ ಇನ್ನೊಂದು ಅನುಮಾನ ಬಂತು. ಅದಕ್ಕೆ ಹೆಸರಿಡುವುದು ನನ್ನಿಂದ ಆಗಲಿಲ್ಲ. ಅಂಗಡಿಗೆ ಅಳತೆ ಕೊಡಲು ಬರುವ ಹೆಂಗಸರು ದನಿ ತಗ್ಗಿಸಿ ಹೇಳುವ ಕತೆಗಳಿರುತ್ತವೆ. ಹೆಣ್ಣುಮಗು ಮನೆಯದೇ ಒಬ್ಬರನ್ನು ಕಂಡು ಸರಿದು ನಿಂತರೆ ತಾಯಿ ಕಿವಿ ತೆರೆದಿರಬೇಕು ಎನ್ನುವ ಮಾತುಗಳು. ಇವರು ಅಂಥವರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಹೆಂಗಸರೂ ಮೊದಲು ಹಾಗೇ ಹೇಳಿಕೊಂಡಿದ್ದರಲ್ಲ ಎಂದು ಮರುಕ್ಷಣ ನೆನಪಾಯಿತು. ದಿನವಿಡೀ ಮಗಳನ್ನು ಅವರ ಕೈಯಲ್ಲಿ ಬಿಟ್ಟು ನಾನು ಗೋಕಾಕಕ್ಕೆ ಹೋಗುವವಳು. ಇನ್ನು ಬಿಡುವುದೋ ಬೇಡವೋ, ಅದೊಂದೇ ಪ್ರಶ್ನೆ ಹಗಲೆಲ್ಲ ನನ್ನನ್ನು ಕೊರೆಯಿತು.

ಮರುದಿನ ಅವಳನ್ನೂ ಅಂಗಡಿಗೆ ಕರೆದೊಯ್ದೆ. ಬಸ್ಸಿನಲ್ಲಿ ಟಿಕೆಟ್ ಕೊಡಲು ಬಗ್ಗಿದ ಕಂಡಕ್ಟರನ ಗದ್ದವನ್ನೂ ಅವಳು ಬಿಡಲಿಲ್ಲ. ಅಂಗಡಿಯಲ್ಲಿ ಗುಂಡಿಗಳ ಡಬ್ಬಿ ಸುರುವಿಕೊಂಡು ಬಣ್ಣ ಬಣ್ಣ ಬೇರೆ ಮಾಡುತ್ತ ಕುಂತಳು. ನಾನು ಮಷೀನು ತುಳಿಯುತ್ತಲೇ, ಅದೇನು ದೊಡ್ಡ ಮಾತಲ್ಲ ಎನ್ನುವಂತೆ ಕೇಳಿದೆ.

"ನಂದಾ, ಮುತ್ಯಾನ ಜೋಡಿ ಯಾಕ ಮಾತಬಿಟ್ಟಿ? ಏನರ ಅಂದನೇನ?"

"ಹೇಳಬಾರದಂತ."

"ಯಾರು ಹೇಳಬ್ಯಾಡ ಅಂದ್ರು?"

"ಮುತ್ಯಾನ. ನಿಮ್ಮ ಅವ್ವಗ ಹೇಳಬ್ಯಾಡ ಅಂದಾನ."

ಮಷೀನಿನ ಮೇಲಿದ್ದ ನನ್ನ ಕಾಲು ನಿಂತುಬಿಟ್ಟಿತು. ಎದುರಿನ ಬೆಂಚಿನ ಮೇಲೆ ಗೋಕಾಕ ಫಾಲ್ಸ್‌ನಿಂದ ಬಂದ ತಾಯಿ ಮಗಳು ಮದುವೆ ಜಂಪರಕ್ಕೆ ಕಾಯುತ್ತ ಕುಂತಿದ್ದರು. ಅವರ ಮುಂದೆ ಇನ್ನೇನು ಕೇಳಲಿ? ಖರೆ ಹೇಳಬೇಕೆಂದರೆ ಅವರಿಲ್ಲದಿದ್ದರೂ ಕೇಳಲು ಬಾಯಿ ಬರುತ್ತಿರಲಿಲ್ಲ. ಜಂಪರ ನಾಳೆ ಎಂದು ಕೈ ಮುಗಿದು ಷಟರ್ ಎಳೆದೆ. ಬಸ್ ಸ್ಟ್ಯಾಂಡಿನಿಂದ ಹುಕ್ಕೇರಿಯ ತವರಿಗೆ ಫೋನು ಮಾಡಿದೆ. ತಮ್ಮ ಯಲ್ಲಾಲಿಂಗ ಎತ್ತಿದ.

"ಸಂಜಿಮುಂದ ಬರತೀವಿ. ನಾನು, ನಂದಾ."

"ಯಾಕಕ್ಕಾ, ಏನಾತು?"

"ಏನೂ ಆಗಿಲ್ಲ."

"ಏನೂ ಆಗಲಾರದ ನೀ ಅಂಗಡಿ ಮುಚ್ಚಾಕಿ ಅಲ್ಲ" ಅಂದ. ನಾನು ಫೋನು ಇಟ್ಟೆ.

ಮನೆಗೆ ಬಂದು ಚೀಲಕ್ಕೆ ಬಟ್ಟೆ ತುಂಬತೊಡಗಿದೆ. ಅತ್ತೆ ಅಡುಗೆಮನೆಯಿಂದ ಬಂದರು.

"ಎಲ್ಲಿಗೆ ತಯಾರಿ?"

"ಹುಕ್ಕೇರಿಗೆ."

"ಮದವಿ ಸುಗ್ಗಿಯೊಳಗ ಅಂಗಡಿ ಬಿಟ್ಟ? ಜಗಳ ಆಡೀರೇನ ಇಬ್ಬರೂ?"

"ಮಾವಾರನ್ನ ಕೇಳ್ರಿ."

ಮಾವ ಪಡಸಾಲೆಯಲ್ಲಿಯೇ ಇದ್ದರು. ಎದ್ದು ಬಾಗಿಲಿಗೆ ಬಂದು ನಿಂತರು. ಆ ಮನೆಗೆ ಬಂದಾಗಿನಿಂದ ನಾನು ಅವರೆದುರು ದನಿ ಎತ್ತಿದವಳಲ್ಲ. ಅಂದು ಎತ್ತಿದೆ.

"ನನ್ನ ಮಗಳಿಗೆ ನೀವು ಏನು ಮಾಡಿ, ಅವ್ವಗ ಹೇಳಬ್ಯಾಡ ಅಂದ್ರಿ?"

ಮಾವ ತಲೆ ಕೆಳಗೆ ಹಾಕಿದರು. ಅತ್ತೆ ಹಣೆ ಬಡಿದುಕೊಂಡರು. "ನಾ ಬಡಕೊಂಡ ಹೇಳಿನಿ, ಈ ಮನಶ್ಯಾ ಕೇಳಲಿಲ್ಲ."

ಅಂದರೆ ಇವರಿಗೂ ಗೊತ್ತು! ಗೋಡೆ ಹಿಡಿದುಕೊಂಡೆ.

"ತಗೊಂಡ ಬರ್ರಿ ಆ ಫೋನಾ, ತೋರಸ್ರಿ ಅಕಿಗೆ" ಅಂದರು ಅತ್ತೆ.

ಮಾವ ಹಾಸಿಗೆಯ ಸುರುಳಿಯಿಂದ ಫೋನು ತೆಗೆದು ನನ್ನ ಕೈಗಿಟ್ಟರು. "ಸಿನಿಮಾ ತೋರಸಿಲ್ಲವಾ, ನಿನ್ನಾಣಿ. ನೀ ಬ್ಯಾಡಂದಿದ್ದಿ. ಆ ರಾಕ್ಷಸನ್ನ ಹೆಂಗ ತಯಾರ ಮಾಡಿದ್ರು ಅನ್ನೂದು ಇದರಾಗ ಐತಿ. ಅದನ್ನಷ್ಟ ತೋರಿಸಿನಿ. ಬಣ್ಣದ ಮನಿ ಇದ್ದಂಗ ಅಂತ. ಅಳಲಿಲ್ಲವಾ ಅಕಿ! ಕಣ್ಣ ಮುಚ್ಚಲಾರದ ಕಡೀತನಕಾ ನೋಡಿದ್ಲು. ಇಷ್ಟ ಗಟ್ಟಿ ಕೂಸು ನಾ ಕಂಡಿಲ್ಲ. ಇನ್ನೊಂದೆರಡ ದಿನ ತೋರಿಸಿ, ಆಮ್ಯಾಲ ನಿನಗ ಹೇಳಬೇಕಂತಿದ್ನಿ..."

ನಾನು ನೋಡಿದೆ. ನಗುಮುಖದ ಮುದುಕನೊಬ್ಬ, ಬಿಳಿ ಮೀಸೆ, ಕುರ್ಚಿಯಲ್ಲಿ ಕುಂತಿದ್ದಾನೆ. ನಾಕು ಮಂದಿ ಅವನಿಗೆ ರಬ್ಬರಿನ ಮುಖ ಅಂಟಿಸುತ್ತಾರೆ, ಕೂದಲು ಸಿಗಿಸುತ್ತಾರೆ. ನೋಡುನೋಡುತ್ತ ರಾಕ್ಷಸನಾದ. ಕಡೆಗೆ ಗದ್ದದ ಕೆಳಗೆ ಉಗುರು ಹಾಕಿ ಆ ಮುಖವನ್ನು ಸುಲಿದರು. ಮುದುಕ ಬಾಯೊಳಗೆ ಕೈ ಹಾಕಿ ಹಲ್ಲುಗಳನ್ನು ತೆಗೆದು ನೀರಿನ ಬಟ್ಟಲಿಗೆ ಬಿಟ್ಟ, ಕ್ಯಾಮೆರಾ ಕಡೆಗೆ ನಕ್ಕ. ಮುಗಿಯಿತು.

ನಂದಾಳನ್ನು ಕರೆದೆ. ಅವಳು ನನ್ನ ಹಿಂದೆ ಬಂದು ನಿಂತಳು.

"ಇದನ್ನ ನೋಡಿ ಅಂಜಿದೇನ?"

"ಇಲ್ಲ. ಅದು ರಬ್ಬರ."

"ಮತ್ತ ಮುತ್ಯಾನ್ನ ಕಂಡ್ರ ಯಾಕ ಓಡತಿ?"

ಅವಳು ಒಮ್ಮೆ ಮುತ್ಯಾನನ್ನು ನೋಡಿದಳು. ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಹೇಳಿದಳು: "ಮುತ್ಯಾನೂ ಹಲ್ಲ ತಗದ ವಾಟಗಾದಾಗ ಇಟ್ಟ. ಬಚ್ಚಲ ಬಾಗಲದ ಸಂದಿಲೆ ನಾ ನೋಡಿನಿ. ಮದ್ಲ ನಾನೂ ರಾಕ್ಷಸ ಇದ್ನಿ ಅಂತ ಅಂವನ ಹೇಳ್ಯಾನ. ಮ್ಯಾಲಿನ ಮುಖಾ ಯಾರದು?"

ಹೋದ ಚಳಿಗಾಲದಲ್ಲಿ ಮಾವ ಮೂಡಲಗಿಗೆ ಹೋಗಿ ಹಲ್ಲಿನ ಸೆಟ್ ಮಾಡಿಸಿಕೊಂಡದ್ದು ನಮಗೆಲ್ಲ ಗೊತ್ತು. ಆದರೆ ಅದನ್ನು ತೆಗೆಯುವುದನ್ನು ಈ ಭೂಮಿಯ ಮೇಲೆ ಯಾರೂ ಕಂಡಿರಲಿಲ್ಲ. ಬಣ್ಣ ಹಚ್ಚಿದ ಮನುಷ್ಯ, ಬೊಚ್ಚುಬಾಯಿಯಲ್ಲಿ ಕಾಣಿಸಿಕೊಳ್ಳುವುದೆಂದರೆ ಅವರಿಗೆ ಅರಿವೆ ಬಿಚ್ಚಿ ನಿಂತಂತೆ. ಬಚ್ಚಲ ಬಾಗಿಲು ಹಾಕಿಕೊಂಡೇ ತೊಳೆದು ಬಟ್ಟಲಿನ ನೀರಿಗೆ ಬಿಡುತ್ತಿದ್ದರು.

"ಕಟಗೊಂಡ ನನಗ ಸುದ್ದಾ ತೋರಸಲಿಲ್ಲಲ್ಲೋ ಈ ಗಂಡಸು!" ಎಂದು ಅತ್ತೆ ಬಿದ್ದು ಬಿದ್ದು ನಕ್ಕರು. "ಮಮ್ಮಗಳು ಹಿಡದ್ಲು, ಛಲೋ ಹಿಡದ್ಲು!"

ನನಗೂ ನಗು ಬಂತು. ಅದು ನಗುವೋ ಅಳುವೋ, ಚೀಲದ ಬಾಜೂ ಕುಸಿದು ಕುಂತೆ.

ಮಾವ ನಗಲಿಲ್ಲ. ಅರ್ಧ ತುಂಬಿದ ಚೀಲವನ್ನೇ ನೋಡುತ್ತಿದ್ದರು.

"ಅನಪೂರ್ಣಾ, ನೀ ಏನ ತಿಳಕೊಂಡಿದ್ದಿ?"

"ಸಿನಿಮಾ ತೋರಿಸೀರಿ ಅಂತ ತಿಳದಿದ್ನಿರಿ."

"ಸಿನಿಮಾ ತೋರಿಸಿದ್ದಕ್ಕ ಯಾರರ ಚೀಲಾ ತುಂಬತಾರೇನವಾ?"

ಉತ್ತರಕ್ಕೆ ಅವರು ಕಾಯಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದರು.

ಚೀಲದ ಬಟ್ಟೆ ಮತ್ತೆ ಕಪಾಟಿಗೆ ಸೇರಿದವು, ನಂದಾ ಮಾತ್ರ ಮುತ್ಯಾನಿಗೆ ಸೇರಲಿಲ್ಲ. ಹಲ್ಲಿನ ಸೆಟ್ ಅಂದರೇನು ಎಂದು ಸೋಮಲಿಂಗ ಬಿಡಿಸಿ ಹೇಳಿದ. ಅವಳು ತಲೆಯಾಡಿಸಿ ಕೇಳಿ, "ಆ ಫೋನಿನ್ಯಾಗಿನ ಮುದುಕನೂ ನಕ್ಕೋತನ ಕುಂತಿದ್ದ" ಅಂದಳು. ನನ್ನ ಒಳಗೂ ಅದೇ ರೋಗ. ಕಾರಣ ತಿಳಿದಿತ್ತು, ಆಣೆ ಪ್ರಮಾಣ ಆಗಿತ್ತು. ಆದರೂ ಮಾವ ಮಗಳ ಹೆಸರು ಹಿಡಿದು ಕರೆದರೆ ನನ್ನ ಕಿವಿ ತಾನಾಗಿಯೇ ನೆಟ್ಟಗಾಗುತ್ತಿತ್ತು. ಒಮ್ಮೆ ಬಂದ ಅನುಮಾನ ಬಾಡಿಗೆಗೆ ಬಂದವರಂತಲ್ಲ, ಹೋಗೆಂದ ಕೂಡಲೇ ಹೋಗುವುದಿಲ್ಲ. ದಿನಾ ಅವಳನ್ನು ಅಂಗಡಿಗೇ ಕರೆದೊಯ್ಯುತ್ತಿದ್ದೆ. ಮಾವ ಅದನ್ನು ನೋಡುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ.

ಒಂದು ಮುಂಜಾನೆ ಉದ್ದಪ್ಪ ಹಾಲು ಅಳೆಯುತ್ತಿದ್ದಾಗ ಮಾವ ಅಂಗಳಕ್ಕೆ ಬಂದರು. ಬಾಯಿ ಒಳಗೆ ಕುಸಿದಿತ್ತು, ಗಲ್ಲ ಜೋತುಬಿದ್ದಿತ್ತು. ಹಲ್ಲಿರಲಿಲ್ಲ.

"ಏನ ಕಾಕಾ, ಹಲ್ಲೆಲ್ಲಿ ಹ್ವಾದೂ?" ಅಂದ ಉದ್ದಪ್ಪ.

"ರಾಕ್ಸಸ ಒಯ್ದ" ಅಂದರು ಮಾವ. ಮಾತಿನ ಜೊತೆ ಗಾಳಿ ಸುಂಯ್ ಎಂದು ಹೊರಬಂತು. ಉದ್ದಪ್ಪ ಹಾಲು ಚೆಲ್ಲುವಷ್ಟು ನಕ್ಕ.

ಅಂದಿನಿಂದ ಅವರು ಹಗಲು ಹಲ್ಲು ಹಾಕಲೇ ಇಲ್ಲ. ರೊಟ್ಟಿ ಹಾಲಿನಲ್ಲಿ ಹಿಸುಕಿ ಉಂಡರು. ಧುಪದಾಳದ ಬೀಗರ ಮನೆಯ ಕಾರ್ಯಕ್ಕೂ ಹಾಗೇ ಹೋಗಿ ಬಂದರು. "ರಕ್ಕಸಗ ವಯಸ್ಸಾತು" ಎಂದು ಅಲ್ಲಿ ಮಂದಿ ನಕ್ಕರಂತೆ. ಅತ್ತೆ ಬೈದರು, ಸೋಮಲಿಂಗ ಬೈದ. ಯಾಕೆಂದು ಅವರು ಯಾರಿಗೂ ಹೇಳಲಿಲ್ಲ. ಕಂಬದ ಹಿಂದಿನಿಂದ ನೋಡುತ್ತಿದ್ದವಳಿಗಂತೂ ಹೇಳುವ ಅಗತ್ಯ ಇರಲಿಲ್ಲ. ಅವಳು ಮೊದಲು ಕಂಬ ಬಿಟ್ಟು ಹೊಸ್ತಿಲಿಗೆ ಬಂದಳು. ಆಮೇಲೆ ಚಾಪೆಯ ಅಂಚಿಗೆ.

ಒಂದು ದಿನ ನಾನು ಅಂಗಡಿಗೆ ಹೊರಟು ಹೆಗಲಿಗೆ ಚೀಲ ಹಾಕಿಕೊಂಡಿದ್ದೆ. ಪಡಸಾಲೆಯಿಂದ ನಂದಾಳ ದನಿ ಕೇಳಿತು.

"ಬಗ್ಗು."

ನಾನು ಬಾಗಿಲ ಹಿಂದೆಯೇ ನಿಂತೆ. ಮಾವ ಪೂಜೆಯ ಮಣೆಯ ಮೇಲೆ ಕೂತಲ್ಲೇ ಕುತ್ತಿಗೆ ಚಾಚಿದ್ದರು. ನಾನು ಕಾಲರಿನ ಹೊಲಿಗೆ ನೋಡುವ ಹಾಗೆಯೇ ಅವಳು ಒಂದು ಕಿವಿಯಿಂದ ಇನ್ನೊಂದು ಕಿವಿಯ ತನಕ ಬೆರಳು ಎಳೆದಳು. ಗದ್ದದ ಹತ್ತಿರ ಬೆರಳು ನಿಂತಿತು.

"ಇಲ್ಲೇನೋ ಐತಿ."

"ಅದು ಗಾಯದ ಕಲೆ. ನಿಮ್ಮಪ್ಪ ಸಣ್ಣಾಂವಿದ್ದಾಗ ಸಿಟ್ಟಿಗೆದ್ದು ಬುಗರಿ ಒಗದಿದ್ದ."

"ಖರೆ?"

"ನಿಮ್ಮ ಆಯೀನ್ನ ಕೇಳ ಹೋಗು."

ಅವಳು ಖರೆಯೇ ಅಡುಗೆಮನೆಗೆ ಹೋದಳು. "ಆಯಿ, ಮುತ್ಯಾನ ಗದ್ದಕ್ಕ ಏನಾಗಿತ್ತು?" ಎಂದಷ್ಟೇ ಕೇಳಿದಳು, ಬುಗುರಿಯ ಮಾತು ತಾನು ತೆಗೆಯಲಿಲ್ಲ. ಎರಡೂ ಉತ್ತರ ತಾಳೆಯಾದ ಮೇಲೆ ತಿರುಗಿ ಬಂದು ಚಾಪೆಯ ಮೇಲೆ ಕುಂತಳು. ಬಾಜೂ ಅಲ್ಲ, ಒಂದು ಕೈ ದೂರ.

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ನಾನು ಅಲುಗಲಿಲ್ಲ. ಮಾವ ನನ್ನ ಕಡೆ ತಿರುಗದೆಯೇ ಹೇಳಿದರು:

"ಅನಪೂರ್ಣಾ, ಬಸ್ಸ ಬಂತು. ಹೋಗೂದಿದ್ರ ಹೋಗು. ನೋಡೂದಿದ್ರ ಒಳಗ ಬಂದ ಕುಂತ ನೋಡು. ಬಾಗಲ ಹಿಂದ ನಿಲ್ಲಬ್ಯಾಡವಾ."

ಮುಖಕ್ಕೆ ಬೆಂಕಿ ಬಿದ್ದಂತಾಯಿತು. ಒಳಗೆ ಹೋಗಿ ಕುಂತೆ. ಬಸ್ಸು ಹೋದ ಸದ್ದು ಕೇಳಿತು. ಕಡೆಗೆ ಮಾವನೇ, "ಆ ಸಿನಿಮಾ ಈಗ ಮೂಡಲಗಿಗೆ ಬಂದೈತಂತ. ಇಕಿನ್ನ ಹೆಂಗ ಮಾಡೂದು? ನೀ ಹೇಳು" ಅಂದರು. ಆ ಚೀಲದ ದಿನದ ನಂತರ ಅವರು ನನ್ನನ್ನು ಕೇಳಿದ ಮೊದಲ ಮಾತು ಅದು.

"ಮದ್ಲ ನಾವು ನೋಡಿ ಬರೂಣ್ರಿ ಮಾವಾರ. ನಾನು, ನೀವು."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಬೊಚ್ಚುಬಾಯಿ ಒಂದಿಷ್ಟು ಅಗಲವಾಯಿತು.

"ಊರ ಮಂದಿ ಇರ್ತಾರಲ್ಲವಾ ಅಲ್ಲಿ. ಹಲ್ಲ ಹಾಕ್ಕೊಂಡ ಬರಲ್ಯೋ, ಬಿಟ್ಟ ಬರಲ್ಯೋ?"

ನಾನು ಬಾಯಿ ತೆರೆಯುವ ಮೊದಲೇ ನಂದಾ ಎದ್ದು ನಿಂತಳು.

"ಬಿಟ್ಟ ಹೋಗು. ಹಲ್ಲಿನ ವಾಟಗಾ ನಾ ಕಾಯತೀನಿ" ಎಂದವಳೇ ಅದರ ಮೇಲೆ ಮುಚ್ಚಲಿಕ್ಕೆ ಭಾರದ್ದೊಂದು ತಾಟು ಹುಡುಕಲು ಒಳಗೆ ಹೋದಳು.